ಬೇರಿನೊಳಗಿನ ಮದ್ದನ್ನು ಹುಡುಕಿದವರು: ಡಾ. ಸಲೀಮುಝ್ಝಮಾನ್ ಸಿದ್ದೀಕಿ



ಹಿರೇಬೆಂಡಿಗೇರಿಯಿರಲಿ, ಹಾನಗಲ್ಲಿರಲಿ, ಬೇವಿನ ಗಿಡದ ಗುಣ ಗೊತ್ತಿಲ್ಲದ ಮನೆ ನಮ್ಮ ಸೀಮೆಯಲ್ಲಿಲ್ಲ. ಕಜ್ಜಿ, ತುರಿಕೆಗೆ ಅಜ್ಜಿಯಂದಿರು ಮೊದಲು ನೆನೆಯುವುದು ಬೇವನ್ನೇ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಸರ್ಪಗಂಧ ಎಂಬ ಸಣ್ಣ ಗಿಡವೂ ಬೆಳೆಯುತ್ತದೆ. ಇದಕ್ಕೆ ಸೂತ್ರನಾಭಿ ಎಂಬ ಹೆಸರೂ ಉಂಟು. ಇದರ ಬೇರನ್ನು ವೈದ್ಯರು, ಹಕೀಮರು ನಿದ್ರಾಹೀನತೆಗೂ ಬುದ್ಧಿಭ್ರಮಣೆಗೂ ಕೊಡುತ್ತಿದ್ದರು. ಆದರೆ ಆ ಬೇರಿನೊಳಗೆ ಗುಣ ಕೊಡುವ ವಸ್ತು ಯಾವುದು? ಅದು ಎಷ್ಟಿದ್ದರೆ ಮದ್ದು, ಎಷ್ಟಾದರೆ ವಿಷ? ಈ ಪ್ರಶ್ನೆಗೆ ಉತ್ತರ ಹುಡುಕಲು ಆಯುಷ್ಯ ಸವೆಸಿದ ಒಬ್ಬ ವಿಜ್ಞಾನಿಯ ಪರಿಚಯ ಇಲ್ಲಿದೆ.

ಸಲೀಮುಝ್ಝಮಾನ್ ಸಿದ್ದೀಕಿ 1897ರಲ್ಲಿ ಈಗಿನ ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಸುಬೇಹಾದಲ್ಲಿ ಜನಿಸಿದರು. ಅಲಿಗಢದಲ್ಲಿ ಅವರು ಪದವಿ ಪಡೆದದ್ದು ವಿಜ್ಞಾನದಲ್ಲಲ್ಲ, ತತ್ವಶಾಸ್ತ್ರ ಮತ್ತು ಪಾರ್ಸಿಯಲ್ಲಿ! 1920ರಲ್ಲಿ ವೈದ್ಯಕೀಯ ಕಲಿಯಲು ಲಂಡನ್ನಿಗೆ ಹೋದರು. ಅಲ್ಲಿಂದ ಜರ್ಮನಿಯ ಫ್ರಾಂಕ್‌ಫರ್ಟಿಗೆ ತೆರಳಿ ರಸಾಯನಶಾಸ್ತ್ರ ಹಿಡಿದರು. 1927ರಲ್ಲಿ ಡಾಕ್ಟರೇಟ್ ಪಡೆದರು. ಚಿತ್ರಕಲೆಯಲ್ಲೂ ನಿಪುಣರಾಗಿದ್ದ ಅವರ ಚಿತ್ರಗಳು ಆ ನಗರದಲ್ಲಿ ಪ್ರದರ್ಶನಗೊಂಡಿದ್ದವು.

ಆಗ ದೆಹಲಿಯಲ್ಲಿ ಹಕೀಮ್ ಅಜ್ಮಲ್ ಖಾನ್ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜು ಕಟ್ಟಿದ್ದರು. ಹಳೆಯ ಔಷಧಿಗಳು ಹೊಸ ವಿಜ್ಞಾನದ ಪರೀಕ್ಷೆಯಲ್ಲಿ ಗೆಲ್ಲಬೇಕೆಂಬುದು ಅವರ ಹಂಬಲ. ಅಲ್ಲಿ ಸಂಶೋಧನಾ ವಿಭಾಗ ಕಟ್ಟುವ ಹೊಣೆ ಸಿದ್ದೀಕಿಯವರ ಪಾಲಿಗೆ ಬಂತು. ಹಕೀಮರು 1927ರ ಕೊನೆಯಲ್ಲಿ ತೀರಿಕೊಂಡರು. ಆದರೂ ಶಿಷ್ಯ ಕೆಲಸ ಕೈಬಿಡಲಿಲ್ಲ.

ಓದುಗರೇ, ಇಂಥ ಕೆಲಸ ಹೇಗೆ ನಡೆಯುತ್ತದೆ ಗೊತ್ತೇ? ಒಣಗಿದ ಬೇರನ್ನು ಪುಡಿ ಮಾಡಿ ಮದ್ಯಸಾರದಲ್ಲಿ ನೆನೆಸಿ ಸತ್ವ ಇಳಿಸುತ್ತಾರೆ. ಆ ಸತ್ವದಲ್ಲಿ ಹತ್ತಾರು ವಸ್ತುಗಳು ಬೆರೆತಿರುತ್ತವೆ. ಆಲ್ಕಲಾಯ್ಡ್ ಎಂಬ ಜಾತಿಯ ವಸ್ತುಗಳು ಆಮ್ಲದೊಂದಿಗೆ ಸೇರಿ ನೀರಿನಲ್ಲಿ ಕರಗುತ್ತವೆ, ಕ್ಷಾರ ಹಾಕಿದಾಗ ಮತ್ತೆ ಬೇರ್ಪಡುತ್ತವೆ. ಹೀಗೆ ಮತ್ತೆ ಮತ್ತೆ ಶೋಧಿಸಿ ಕೊನೆಗೆ ಒಂದೇ ವಸ್ತುವಿನ ಶುದ್ಧ ಹರಳು ಪಡೆಯಬೇಕು. ಇದು ಸಾವಯವ ರಸಾಯನಶಾಸ್ತ್ರದ ಕೆಲಸ. ಹರಳು ಸಿಕ್ಕರೆ ಅದನ್ನು ತೂಕ ಮಾಡಿ ಕೊಡಬಹುದು, ಅದರ ರಚನೆ ತಿಳಿಯಬಹುದು, ಪ್ರಯೋಗಶಾಲೆಯಲ್ಲಿಯೇ ತಯಾರಿಸಲೂ ಯತ್ನಿಸಬಹುದು.

1931ರಲ್ಲಿ ಸಿದ್ದೀಕಿಯವರು ಸರ್ಪಗಂಧದ ಬೇರಿನಿಂದ ಅಂಥ ಹರಳೊಂದನ್ನು ಬೇರ್ಪಡಿಸಿದರು. ಅದಕ್ಕೆ ತಮ್ಮ ಹೆಸರಿಡಲಿಲ್ಲ. ತಮ್ಮನ್ನು ಈ ದಾರಿಗೆ ಹಚ್ಚಿದ ಹಕೀಮರ ನೆನಪಿಗೆ ಅಜ್ಮಲಿನ್ ಎಂದು ಕರೆದರು. ಹೃದಯದ ಬಡಿತ ತಪ್ಪಿದಾಗ ಕೊಡುವ ಔಷಧಿಯಾಗಿ ಅದು ಬಳಕೆಗೆ ಬಂತು. ಬ್ರುಗಾಡಾ ಎಂಬ ಹೃದಯದೋಷವನ್ನು ಪತ್ತೆ ಹಚ್ಚಲು ಇಂದಿಗೂ ಹಲವು ದೇಶಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸುತ್ತಾರೆ.

ಅದೇ ಬೇರು ಮುಂದೆ ಇನ್ನಷ್ಟು ಹೆಸರಾಯಿತು. 1930ರಲ್ಲಿ ಡೆಹ್ರಾಡೂನಿನಲ್ಲಿ ಮೊಹಮ್ಮದ್ ಮನಾಲ್ ಆರಂಭಿಸಿದ ಹಿಮಾಲಯ ಕಂಪನಿ 1934ರಲ್ಲಿ ಸರ್ಪಗಂಧದಿಂದ ಸರ್ಪಿನಾ ಮಾತ್ರೆ ತಂದಿತು. ಆ ಕಂಪನಿಯ ಕೇಂದ್ರ ಈಗ ನಮ್ಮ ಬೆಂಗಳೂರಿನಲ್ಲಿದೆ. 1949ರಲ್ಲಿ ಮುಂಬಯಿಯ ಡಾ. ರುಸ್ತಂ ಜಾಲ್ ವಕೀಲ್ ಈ ಬೇರು ರಕ್ತದೊತ್ತಡ ಇಳಿಸುವುದನ್ನು ಜಗತ್ತಿಗೆ ತಿಳಿಸಿದರು. ರಕ್ತದೊತ್ತಡಕ್ಕೆ ಔಷಧಿಯಾದ ರಿಸರ್ಪಿನ್ ಎಂಬ ಹರಳನ್ನು ಮಾತ್ರ 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸಿಬಾ ಕಂಪನಿಯವರು ಪಡೆದರು. ಗಿಡ ನಮ್ಮದು, ತಿಳಿವಳಿಕೆ ನಮ್ಮ ಹಿರಿಯರದು. ಆದರೆ ಆ ಹರಳು ಸಿಕ್ಕಿದ್ದು ಸಾಧನವಿದ್ದ ಪ್ರಯೋಗಶಾಲೆಗೆ. ಇದನ್ನು ನಾವು ಮರೆಯಬಾರದು.

1942ರಲ್ಲಿ ಸಿದ್ದೀಕಿಯವರು ಬೇವಿನೆಣ್ಣೆಯಿಂದ ನಿಂಬಿನ್ ಮುಂತಾದ ಕಹಿ ವಸ್ತುಗಳನ್ನು ಬೇರ್ಪಡಿಸಿದರು. ನಮ್ಮ ಅಂಗಳದ ಬೇವಿನ ರಸಾಯನಶಾಸ್ತ್ರಕ್ಕೆ ಅದು ಭದ್ರ ಬುನಾದಿಯಾಯಿತು. 1951ರಲ್ಲಿ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿ ಸಂಶೋಧನಾ ಸಂಸ್ಥೆಗಳನ್ನು ಕಟ್ಟಿದರು. 1961ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. ತೊಂಬತ್ತು ದಾಟಿದರೂ ಪ್ರಯೋಗಶಾಲೆ ಬಿಡದ ಅವರು 1994ರಲ್ಲಿ ಕರಾಚಿಯಲ್ಲಿ ನಿಧನರಾದರು.

ಒಂದು ಎಚ್ಚರಿಕೆಯ ಮಾತು. ಇದನ್ನು ಓದಿ ಯಾರೂ ಸರ್ಪಗಂಧದ ಬೇರನ್ನು ತಾವೇ ಅರೆದು ಕುಡಿಯಬೇಡಿರಿ. ಅಳತೆ ತಪ್ಪಿದರೆ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಇಳಿಯಬಹುದು, ಮನಸ್ಸು ಖಿನ್ನವಾಗಬಹುದು. ವೈದ್ಯರು ಕೊಟ್ಟ ಮಾತ್ರೆಯನ್ನು ಬಿಟ್ಟು ಬೇರಿನ ಬೆನ್ನು ಹತ್ತುವುದೂ ತರವಲ್ಲ. ಸಿದ್ದೀಕಿಯವರು ಅಷ್ಟು ವರ್ಷ ದುಡಿದದ್ದೇ ಬೇರಿನ ಗುಣವನ್ನು ಅಳತೆಗೆ ತರಲಿಕ್ಕೆ.

ವಿದ್ಯಾರ್ಥಿ ಮಿತ್ರರೇ, ಪಿಯುಸಿಯಲ್ಲಿ ಸಾವಯವ ರಸಾಯನಶಾಸ್ತ್ರ ಎಂದೊಡನೆ ಹಲವರು ಹೆದರುತ್ತೀರಿ, ಸೂತ್ರಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಮುಗಿಸುತ್ತೀರಿ. ಆ ಸೂತ್ರಗಳ ಹಿಂದೆ ರೋಗಿಯ ಪ್ರಾಣವಿದೆ ಎಂದು ತಿಳಿದು ಓದಿರಿ. ಪಾರ್ಸಿ ಕಲಿತವರೊಬ್ಬರು ಜಗತ್ತು ಮೆಚ್ಚುವ ರಸಾಯನಶಾಸ್ತ್ರಜ್ಞರಾದರು. ಹಳ್ಳಿಯ ಶಾಲೆಯ ಹುಡುಗ, ಹುಡುಗಿಯರಿಗೆ ಅದು ಆಗದ ಮಾತೇನಲ್ಲ. ಪಾಲಕರೇ, ವಿಜ್ಞಾನ ಓದಬೇಕೆನ್ನುವ ಮಗಳನ್ನು, ಮಗನನ್ನು ಅರ್ಧದಲ್ಲಿ ಬಿಡಿಸಬೇಡಿರಿ. ನಮ್ಮ ಗಿಡಮರಗಳಲ್ಲಿ ಇನ್ನೂ ಹುಡುಕಬೇಕಾದದ್ದು ಬಹಳಷ್ಟಿದೆ.