ಮತ ಕೇಳಲು ಹೊರಟ ಕಮಲಾದೇವಿ

ಮದ್ರಾಸ್ ಪ್ರಾಂತದ ವಿಧಾನ ಪರಿಷತ್ತಿಗೆ ಮಹಿಳೆಯರೂ ಸ್ಪರ್ಧಿಸಬಹುದೆಂದು 1926ರಲ್ಲಿ ಅನುಮತಿ ದೊರೆತಾಗ ಚುನಾವಣೆ ಹೊಸ್ತಿಲಿಗೇ ಬಂದಿತ್ತು. ಮಾರ್ಗರೇಟ್ ಕಸಿನ್ಸ್ ಅವರ ಒತ್ತಾಸೆಯಿಂದ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ತಮ್ಮ 23ನೇ ವಯಸ್ಸಿನಲ್ಲಿ ಕಣಕ್ಕಿಳಿದರು. ಬೆನ್ನಿಗೆ ಯಾವ ಪಕ್ಷವೂ ಇರಲಿಲ್ಲ. ಪ್ರಚಾರಕ್ಕೆ ಸಾಕಷ್ಟು ದಿನಗಳೂ ಇರಲಿಲ್ಲ. ಆಸ್ತಿಯುಳ್ಳವರಿಗೆ ಮಾತ್ರ ಮತದ ಹಕ್ಕಿದ್ದ ಆ ಕಾಲದಲ್ಲಿ ಮಹಿಳಾ ಮತದಾರರೇ ವಿರಳ. ಆದರೂ ಅವರು ಸೋತದ್ದು ಅತ್ಯಲ್ಪ ಮತಗಳ ಅಂತರದಿಂದ. ದೇಶದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮಹಿಳೆಯರಲ್ಲಿ ಅವರು ಮೊದಲಿಗರ ಸಾಲಿನವರು.

ಆಸ್ತಿಗೂ ಅಧಿಕಾರಕ್ಕೂ ಇರುವ ನಂಟನ್ನು ಅವರು ಬಾಲ್ಯದಲ್ಲೇ ಕಂಡಿದ್ದರು. 1903ರ ಏಪ್ರಿಲ್ 3ರಂದು ಜನಿಸಿದ ಅವರು ಏಳರ ವಯಸ್ಸಿನಲ್ಲಿ ತಂದೆ ಅನಂತಯ್ಯ ಧಾರೇಶ್ವರರನ್ನು ಕಳೆದುಕೊಂಡರು. ಅಂದಿನ ಕಾನೂನಿನಂತೆ ಆಸ್ತಿ ತಂದೆಯ ಮೊದಲ ಪತ್ನಿಯ ಮಗನ ಪಾಲಾಯಿತು. ಸ್ವಾಭಿಮಾನಿ ತಾಯಿ ಗಿರಿಜಾಬಾಯಿ ಜೀವನಾಂಶವನ್ನು ಒಲ್ಲೆನೆಂದರು. ಹದಿನಾಲ್ಕಕ್ಕೆ ಮದುವೆ, ಅನತಿಕಾಲದಲ್ಲೇ ವೈಧವ್ಯ. ಬಳಿಕ ಸರೋಜಿನಿ ನಾಯ್ಡು ಅವರ ಸಹೋದರ, ಕವಿ ಹರೀಂದ್ರನಾಥರೊಡನೆ ಮರುವಿವಾಹ.

1930ರಲ್ಲಿ ಗಾಂಧೀಜಿ ದಂಡಿಗೆ ಹೊರಟಾಗ ಸಂಗಡಿದ್ದ 78 ಸತ್ಯಾಗ್ರಹಿಗಳಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ. ಮಹಿಳೆಯರಿಗೂ ಅವಕಾಶ ಬೇಕೆಂದು ಅವರನ್ನು ಕಂಡು ವಾದಿಸಿ ಒಪ್ಪಿಸಿದವರಲ್ಲಿ ಕಮಲಾದೇವಿ ಪ್ರಮುಖರು. ಮುಂಬೈಯಲ್ಲಿ ಉಪ್ಪು ಮಾರಿ ಸೆರೆಮನೆ ಸೇರಿದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಮೀರತ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಪಕ್ಷವೊಂದರ ಅಗ್ರಪೀಠ ಮಹಿಳೆಗೆ ದಕ್ಕುವುದು ಅಂದು ಸಣ್ಣ ಸಂಗತಿಯಲ್ಲ, ಇಂದಿಗೂ ಅಲ್ಲ.

ವಿಚಿತ್ರವೆಂದರೆ, ಅವರು ಕಟ್ಟಿ ಬೆಳೆಸಿದ ಅಖಿಲ ಭಾರತ ಮಹಿಳಾ ಸಮ್ಮೇಳನವೇ 1930ರ ದಶಕದಲ್ಲಿ ಮೀಸಲು ಸ್ಥಾನಗಳನ್ನು ವಿರೋಧಿಸಿತ್ತು. ಅರ್ಹತೆಯ ಮೇಲೆಯೇ ಸ್ಥಾನ ದೊರೆಯುವುದೆಂಬ ಭರವಸೆ ಅದರದು. ಹೋರಾಟದಲ್ಲಿ ಹೆಗಲಿಗೆ ಹೆಗಲು ಕೊಟ್ಟವರನ್ನು ಪಕ್ಷಗಳು ಟಿಕೆಟ್ ಹಂಚುವಾಗ ಮರೆಯಲಾರವೆಂದು ನಂಬಿದ್ದರು. ಆ ನಂಬಿಕೆ ಫಲಿಸಲಿಲ್ಲ. ಸಂವಿಧಾನ ರಚನಾ ಸಭೆಯಲ್ಲಿದ್ದ ಮಹಿಳೆಯರು ಕೇವಲ 15. ಅವರಲ್ಲಿ ಕಮಲಾದೇವಿ ಇರಲಿಲ್ಲ. ಮುಂದೆ ಸಂಸತ್ತಿನ ಯಾವ ಸದನಕ್ಕೂ ಅವರು ಸದಸ್ಯರಾಗಲಿಲ್ಲ.

ಸದನಕ್ಕೆ ಸಲ್ಲದ ಶಕ್ತಿ ಬೇರೆಡೆ ಹರಿಯಿತು. ದೇಶವಿಭಜನೆಯ ನಿರಾಶ್ರಿತರಿಗೆ ಫರೀದಾಬಾದಿನಲ್ಲಿ ನೆಲೆ ಕಲ್ಪಿಸಲು ದುಡಿದರು. 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯ ಚುಕ್ಕಾಣಿ ಹಿಡಿದು ನೇಕಾರರು, ಕುಂಬಾರರ ಬದುಕಿಗೆ ಆಸರೆಯಾದರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. 1988ರ ಅಕ್ಟೋಬರ್ 29ರಂದು ನಿಧನರಾದರು.

ಅವರ ತವರು ರಾಜ್ಯದಿಂದ ಲೋಕಸಭೆಗೆ ಮಹಿಳೆಯೊಬ್ಬರು ಆರಿಸಿಹೋಗಲು 1962ರವರೆಗೆ ಕಾಯಬೇಕಾಯಿತು. ಅವರು ಧಾರವಾಡದ ಸರೋಜಿನಿ ಮಹಿಷಿ. ಅರೆಕೆರೆ, ಜಯನಗರ, ಬಿಟಿಎಂ ಬಡಾವಣೆಗಳನ್ನು ಒಳಗೊಂಡ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಿಂದ 1977ರಿಂದ 2024ರವರೆಗಿನ ಯಾವ ಚುನಾವಣೆಯಲ್ಲೂ ಮಹಿಳೆ ಗೆದ್ದಿಲ್ಲ. 2024ರಲ್ಲಿ ಪ್ರಮುಖ ಪಕ್ಷವೊಂದು ಇಲ್ಲಿ ಮಹಿಳೆಗೆ ಟಿಕೆಟ್ ಕೊಟ್ಟಿತಾದರೂ ಗೆಲುವು ದಕ್ಕಲಿಲ್ಲ. ಆ ಸಲ ರಾಜ್ಯದ 28 ಸ್ಥಾನಗಳಲ್ಲಿ ಮಹಿಳೆಯರು ಗೆದ್ದದ್ದು ಮೂರರಲ್ಲಿ. ಮೂರನೇ ಒಂದು ಭಾಗ ಮೀಸಲಿಡುವ 2023ರ ಕಾನೂನು, ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಗೆ ತಳುಕು ಹಾಕಿಕೊಂಡಿದ್ದರಿಂದ ಆ ಚುನಾವಣೆಗೆ ಅನ್ವಯವಾಗಲಿಲ್ಲ.