ಯೀಸ್ಟ್ ಕೋಶದೊಳಗಿನ ಕೊಬ್ಬನ್ನೂ ಅಳೆಯುತ್ತಿದೆ ಸಿ.ವಿ. ರಾಮನ್ ಕಂಡ ಬೆಳಕು

ಬ್ರೆಡ್ ಉಬ್ಬಿಸುವ ಯೀಸ್ಟ್‌ನ ಒಂದು ಕೋಶದ ಅಗಲ ಸುಮಾರು 5 ಮೈಕ್ರೋಮೀಟರ್. ಅದರೊಳಗೆ ಸಣ್ಣ ಹನಿಗಳ ರೂಪದಲ್ಲಿ ಕೊಬ್ಬು ಕೂಡಿರುತ್ತದೆ. ಕೋಶವನ್ನು ಕೊಲ್ಲದೆ, ಬಣ್ಣ ಹಾಕದೆ ಆ ಕೊಬ್ಬು ಎಷ್ಟಿದೆ ಎಂದು ಇಂದು ಅಳೆಯಬಹುದು. ಇದಕ್ಕೆ ಬಳಸುವ ಸೂಕ್ಷ್ಮದರ್ಶಕದ ಹೆಸರಿನಲ್ಲೇ ರಾಮನ್ ಇದ್ದಾರೆ. ಅವರು ಯೀಸ್ಟ್ ಮೇಲೆ ಕೆಲಸ ಮಾಡಿದವರಲ್ಲ. ಅವರನ್ನು ಕಾಡಿದ್ದು ಸಮುದ್ರದ ನೀಲಿ.

ಚಂದ್ರಶೇಖರ ವೆಂಕಟರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಗಣಿತ, ಭೌತಶಾಸ್ತ್ರದ ಅಧ್ಯಾಪಕರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿರುವಾಗಲೇ, 18ನೇ ವಯಸ್ಸಿಗೆ, ಅವರ ಮೊದಲ ಪ್ರಬಂಧ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಇಂಗ್ಲೆಂಡಿಗೆ ಹೋಗಿ ಓದಲು ದೇಹಸ್ಥಿತಿ ಒಗ್ಗದು ಎಂದು ವೈದ್ಯರು ತಡೆದರು. ಆಗ ವಿಜ್ಞಾನ ನಂಬಿಕೊಂಡು ಸಂಸಾರ ನಡೆಸುವ ದಾರಿಯೇ ಇರಲಿಲ್ಲ. ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ಮೊದಲಿಗರಾಗಿ ಪಾಸಾಗಿ 1907ರಲ್ಲಿ ಕಲ್ಕತ್ತಾದಲ್ಲಿ ಸರ್ಕಾರಿ ಅಧಿಕಾರಿಯಾದರು. ಅದೇ ವರ್ಷ ಲೋಕಸುಂದರಿ ಅವರೊಂದಿಗೆ ಮದುವೆ.

ಕಚೇರಿಗೆ ಹೋಗುವ ದಾರಿಯಲ್ಲಿ, ಬೌಬಜಾರ್ ಬೀದಿಯಲ್ಲಿ, ಒಂದು ವಿಜ್ಞಾನ ಸಂಘದ ಫಲಕ ಕಣ್ಣಿಗೆ ಬಿತ್ತು. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ್ದ ಆ ಸಂಘದ ಪ್ರಯೋಗಾಲಯ ಬಹುಮಟ್ಟಿಗೆ ಖಾಲಿ ಬಿದ್ದಿತ್ತು. ಬೆಳಿಗ್ಗೆ ಅಲ್ಲಿ ಪ್ರಯೋಗ, ಹಗಲು ಲೆಕ್ಕಪತ್ರ, ಸಂಜೆ ಮತ್ತೆ ಪ್ರಯೋಗ. ನಡುವೆ ರಂಗೂನ್, ನಾಗಪುರಕ್ಕೆ ವರ್ಗವಾದ ಕಾಲ ಬಿಟ್ಟರೆ ಹತ್ತು ವರ್ಷ ಹೀಗೇ ನಡೆಯಿತು. 1917ರಲ್ಲಿ ಅಶುತೋಷ್ ಮುಖರ್ಜಿ ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪೀಠಕ್ಕೆ ಕರೆದಾಗ ರಾಮನ್ ಸರ್ಕಾರಿ ಕೆಲಸ ಬಿಟ್ಟರು. ಸಂಬಳ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ವಿದೇಶದಲ್ಲಿ ತರಬೇತಿ ಪಡೆದು ಬರಬೇಕೆಂಬ ಷರತ್ತಿಗೆ ಮಾತ್ರ ಅವರು ಒಪ್ಪಲಿಲ್ಲ, ವಿಶ್ವವಿದ್ಯಾಲಯವೇ ಮಣಿಯಿತು.

1921ರಲ್ಲಿ ಇಂಗ್ಲೆಂಡಿನಿಂದ ‘ನಾರ್ಕುಂಡಾ’ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಹಿಡಿದುಕೊಂಡಿತು. ಅದು ಆಕಾಶದ ಪ್ರತಿಬಿಂಬವಷ್ಟೇ ಎಂದು ಲಾರ್ಡ್ ರೇಲೇ ಹೇಳಿದ್ದರು. ರಾಮನ್ ಡೆಕ್ ಮೇಲೆ ನಿಂತು, ಜೇಬಿನಲ್ಲಿದ್ದ ನಿಕಲ್ ಪ್ರಿಸಂ ಹಿಡಿದು ಪ್ರತಿಫಲನವನ್ನು ಅಳಿಸಿ ನೋಡಿದರು. ನೀಲಿ ಹೋಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿದ್ದವು. ಹಡಗು ಮುಂಬೈ ಬಂದರು ಸೇರುವಷ್ಟರಲ್ಲಿ ‘ನೇಚರ್’ ಪತ್ರಿಕೆಗೆ ಪತ್ರ ಸಿದ್ಧವಾಗಿತ್ತು.

ಮುಂದಿನ ಏಳು ವರ್ಷ ಅದೇ ಗುಂಗು. 1923ರಲ್ಲಿ ಶಿಷ್ಯ ಕೆ.ಆರ್. ರಾಮನಾಥನ್ ಶುದ್ಧ ನೀರಿನಲ್ಲೂ ಒಂದು ಮಸುಕಾದ ಹೆಚ್ಚುವರಿ ಬೆಳಕು ಕಂಡರು. ಕಲ್ಮಶದಿಂದ ಬಂದ ಹೊಳಪಿರಬೇಕು ಎಂದುಕೊಂಡರು. ಎಷ್ಟು ಶುದ್ಧೀಕರಿಸಿದರೂ ಅದು ಹೋಗಲೇ ಇಲ್ಲ. 1928ರ ಆರಂಭದಲ್ಲಿ ಕೆ.ಎಸ್. ಕೃಷ್ಣನ್ ಜತೆ ರಾಮನ್ ಮತ್ತೆ ಪಟ್ಟು ಹಿಡಿದು ಕೂತರು. ಸುಮಾರು 60 ದ್ರವಗಳಲ್ಲಿ ಅದೇ ಬೆಳಕು ಕಂಡಿತು. ಫೆಬ್ರವರಿ 28ರಂದು ಪಾದರಸ ದೀಪ ಮತ್ತು ರೋಹಿತದರ್ಶಕದ ಮೂಲಕ ನೋಡಿದಾಗ ಅನುಮಾನ ಉಳಿಯಲಿಲ್ಲ. ಮರುದಿನವೇ ಪತ್ರಿಕೆಗಳಿಗೆ ಸುದ್ದಿ ಹೋಯಿತು, ಮಾರ್ಚ್ 16ರಂದು ಬೆಂಗಳೂರಿನಲ್ಲಿ ಉಪನ್ಯಾಸವೂ ಆಯಿತು. ಆತುರ ಸರಿಯೇ ಇತ್ತು. ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮಂಡೆಲ್‌ಶ್ಟಾಂ ಅದೇ ದಿನಗಳಲ್ಲಿ ಹರಳುಗಳಲ್ಲಿ ಇದನ್ನೇ ಕಂಡಿದ್ದರು, ಪ್ರಕಟಿಸಿದ್ದು ತಡವಾಗಿ. 1930ರ ನೊಬೆಲ್ ರಾಮನ್ ಒಬ್ಬರಿಗೇ ಬಂತು. ಘೋಷಣೆಗೆ ತಿಂಗಳುಗಳ ಮೊದಲೇ ಅವರು ಹಡಗಿನ ಟಿಕೆಟ್ ಕಾದಿರಿಸಿದ್ದರು! ರಷ್ಯನ್ನರಿಗೂ ಕೃಷ್ಣನ್ ಅವರಿಗೂ ಪಾಲು ಸಲ್ಲಬೇಕಿತ್ತೇ ಎಂಬ ಚರ್ಚೆ ಇನ್ನೂ ನಿಂತಿಲ್ಲ.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಯಾರ ಮಾತಿಗೂ ಬಗ್ಗದ ಸ್ವಭಾವ ಇಲ್ಲಿ ಮುಳುವಾಯಿತು. ಆಡಳಿತದೊಂದಿಗಿನ ತಿಕ್ಕಾಟದ ಬಳಿಕ 1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟರು, ಪ್ರಾಧ್ಯಾಪಕರಾಗಿ 1948ರವರೆಗೆ ಮುಂದುವರಿದರು. ಆಮೇಲೆ ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ ಸ್ವಂತ ಸಂಶೋಧನಾ ಸಂಸ್ಥೆ ಕಟ್ಟಿದರು. 1970ರ ನವೆಂಬರ್ 21ರಂದು ತೀರಿಕೊಂಡಾಗ ಅದೇ ಸಂಸ್ಥೆಯ ತೋಟದಲ್ಲಿ ದಹನ ನಡೆಯಿತು. ಅಲ್ಲಿ ಸ್ಮಾರಕವಿಲ್ಲ, ಒಂದು ಮರವಿದೆ.

ಇನ್ನು ಯೀಸ್ಟ್ ವಿಷಯ. ಅಣುವಿನೊಳಗಿನ ಬಂಧಗಳು ಸದಾ ಕಂಪಿಸುತ್ತಿರುತ್ತವೆ. ಚದುರುವ ಬೆಳಕಿನಲ್ಲಿ ಎಲ್ಲೋ ಕೋಟಿಗೊಂದು ಕಣ ಆ ಕಂಪನಕ್ಕೆ ಶಕ್ತಿ ತೆತ್ತು ಬಣ್ಣ ಬದಲಿಸುತ್ತದೆ. ಎಷ್ಟು ಬದಲಾಯಿತು ಎಂಬುದರಿಂದ ಬಂಧ ಯಾವುದೆಂದು ತಿಳಿಯುತ್ತದೆ. ಕೊಬ್ಬಿನ ಉದ್ದನೆಯ ಇಂಗಾಲದ ಸರಪಳಿಯ ಗುರುತು ತರಂಗಸಂಖ್ಯೆ 2850ರ ಆಸುಪಾಸಿನಲ್ಲಿ, ಪ್ರೋಟೀನಿನದು 2930ರ ಹತ್ತಿರ. ರಾಮನ್ ಕಾಲದ ದೀಪಕ್ಕೆ ಒಂದು ಕೋಶದಿಂದ ಇಷ್ಟು ಕ್ಷೀಣ ಸಂಕೇತ ಹಿಡಿಯುವ ಶಕ್ತಿ ಇರಲಿಲ್ಲ. ಲೇಸರ್ ಬಂದದ್ದು 1960ರಲ್ಲಿ. ಎರಡು ಲೇಸರ್ ಕಿರಣಗಳ ಶಕ್ತಿಯ ಅಂತರವನ್ನು ಸರಿಯಾಗಿ ಆ ಕಂಪನಕ್ಕೇ ಹೊಂದಿಸಿ ಸಂಕೇತ ಹಿಗ್ಗಿಸುವ ‘ಪ್ರಚೋದಿತ ರಾಮನ್’ ಸೂಕ್ಷ್ಮದರ್ಶಕ ರೂಪುಗೊಂಡಿದ್ದು 2008ರ ಹೊತ್ತಿಗೆ. ಇದರ ಸಂಕೇತ ಕೊಬ್ಬಿನ ಪ್ರಮಾಣಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಚಿತ್ರವೇ ಲೆಕ್ಕವೂ ಆಗುತ್ತದೆ.

ಹಳೆಯ ವಿಧಾನದಲ್ಲಿ ಲಕ್ಷಾಂತರ ಕೋಶಗಳನ್ನು ಒಡೆದು, ಕ್ಲೋರೋಫಾರ್ಮ್‌ನಂಥ ದ್ರಾವಕದಲ್ಲಿ ಕೊಬ್ಬು ತೆಗೆಯಬೇಕು, ಸಿಗುವುದು ಸರಾಸರಿ ಮಾತ್ರ. ನೈಲ್ ರೆಡ್‌ನಂಥ ಬಣ್ಣ ಹಾಕಿದರೆ ಯೀಸ್ಟ್‌ನ ಗಟ್ಟಿ ಕೋಶಭಿತ್ತಿ ದಾಟಿ ಅದು ಎಲ್ಲ ಕೋಶಗಳಿಗೂ ಸಮನಾಗಿ ಇಳಿಯುವುದಿಲ್ಲ. ಒಣತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ಕೊಬ್ಬು ಕೂಡಿಡಬಲ್ಲ ‘ಯಾರೋವಿಯಾ ಲಿಪೊಲಿಟಿಕಾ’ದಂಥ ಯೀಸ್ಟ್‌ನಿಂದ ಇಂಧನ ತೆಗೆಯಲು ಹೊರಟವರಿಗೆ ಯಾವ ಕೋಶ ಹೆಚ್ಚು ಕೂಡಿಟ್ಟಿದೆ, ಯಾವುದು ಕಡಿಮೆ ಎಂಬುದೇ ಮುಖ್ಯ. ರಾಮನ್ ಸೂಕ್ಷ್ಮದರ್ಶಕದಡಿ ಜೀವಂತ ಕೋಶವೊಂದನ್ನಿಟ್ಟು ಅದರ ಹನಿಗಳು ದಪ್ಪವಾಗುವುದನ್ನು, ಆಹಾರ ಕಡಿಮೆಯಾದಾಗ ಕರಗುವುದನ್ನು ಗಂಟೆಗಟ್ಟಲೆ ನೋಡುತ್ತಾ ಕೂರಬಹುದು.