ತಳುಕಿನ ವೆಂಕಣ್ಣಯ್ಯ: ಬರೆದದ್ದಕ್ಕಿಂತ ಬೆಳೆಸಿದ್ದೇ ಹೆಚ್ಚು

ವಿಶ್ವವಿದ್ಯಾನಿಲಯದ ಅಧ್ಯಾಪಕರ ಹೊಣೆಗಾರಿಕೆಯ ಮಾತು ಬಂದಾಗಲೆಲ್ಲ ಗಂಟೆಗಳ ಲೆಕ್ಕವೇ ಮುನ್ನೆಲೆಗೆ ಬರುತ್ತದೆ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಪ್ರಾಧ್ಯಾಪಕರಿಗೆ 14 ಗಂಟೆಗಳ ಬೋಧನೆ ಎಂದು ಯುಜಿಸಿಯ 2018ರ ನಿಯಮಾವಳಿ ನಿಗದಿ ಮಾಡಿತು. ವೃತ್ತಿನೀತಿಗೆಂದೇ ಅದರಲ್ಲಿ ಪ್ರತ್ಯೇಕ ಭಾಗವೊಂದು ಸೇರಿತು. ಇಂಥ ಯಾವ ಕಟ್ಟಳೆಯೂ ಇಲ್ಲದ ಕಾಲದಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಕಲಿಸಿದವರು ತಳುಕಿನ ಸುಬ್ಬಣ್ಣ ವೆಂಕಣ್ಣಯ್ಯ. ಟಿ.ಎಸ್. ವೆಂಕಣ್ಣಯ್ಯ ಎಂಬುದು ನಾಡಿಗೆ ಪರಿಚಿತವಾದ ಹೆಸರು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ತಳುಕು ಅವರ ಊರು. ಹುಟ್ಟಿದ್ದು 1885ರಲ್ಲಿ. ಮಳೆ ಅಪರೂಪವಾದ ಆ ಬಯಲುಸೀಮೆಯ ಮನೆತನ ಕನ್ನಡಕ್ಕೆ ಕೊಟ್ಟದ್ದು ಒಬ್ಬರನ್ನಲ್ಲ. ತಮ್ಮ ತ.ಸು. ಶಾಮರಾಯರು ಮುಂದೆ ಕನ್ನಡ ಪ್ರಾಧ್ಯಾಪಕರಾದರು. ಇನ್ನೊಬ್ಬ ಸಹೋದರನ ಮಗ ಕಾದಂಬರಿಕಾರ ತ.ರಾ. ಸುಬ್ಬರಾಯರು. ಈ ಮನೆತನದ ಕಥೆಯನ್ನು ಶಾಮರಾಯರೇ ‘ಮೂರು ತಲೆಮಾರು’ ಎಂಬ ಪುಸ್ತಕವಾಗಿ ಬರೆದಿದ್ದಾರೆ.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಕನ್ನಡ ನಾಡಿನ ವಿಶ್ವವಿದ್ಯಾನಿಲಯವಾದರೂ ಅಲ್ಲಿ ಕನ್ನಡದಲ್ಲಿ ಎಂ.ಎ. ತರಗತಿ ಆರಂಭವಾಗಲು ಇನ್ನೂ ಹನ್ನೊಂದು ವರ್ಷ ಕಾಯಬೇಕಾಯಿತು. ಬಿ.ಎಂ. ಶ್ರೀಕಂಠಯ್ಯನವರಂಥ ಇಂಗ್ಲಿಷ್ ಅಧ್ಯಾಪಕರ ಶ್ರಮದಿಂದ 1927ರಲ್ಲಿ ಅದು ಸಾಧ್ಯವಾಯಿತು. ತರಗತಿಯೇನೋ ತೆರೆಯಿತು, ಅದನ್ನು ಸೇರುವವರು ಯಾರು? ಇಂಗ್ಲಿಷ್, ಇತಿಹಾಸ, ತತ್ತ್ವಶಾಸ್ತ್ರಗಳಿಗಿದ್ದ ಮನ್ನಣೆ ಕನ್ನಡ ಪದವಿಗೆ ಇರಲಿಲ್ಲ. ಒಳ್ಳೆಯ ವಿದ್ಯಾರ್ಥಿಗಳು ಬಾರದೆ ಹೋಗಿದ್ದರೆ ಆ ವಿಭಾಗ ಹೆಸರಿಗಷ್ಟೇ ಉಳಿಯುವ ಅಪಾಯವಿತ್ತು.

ಆ ವರ್ಷ ಬಿ.ಎ. ಮುಗಿಸಿದ್ದ, ಮಲೆನಾಡಿನ ಕುಪ್ಪಳಿಯ ಕೆ.ವಿ. ಪುಟ್ಟಪ್ಪನವರ ಒಲವು ತತ್ತ್ವಶಾಸ್ತ್ರದ ಕಡೆಗಿತ್ತು. ಅವರನ್ನು ಕನ್ನಡ ಎಂ.ಎ.ಗೆ ಒಲಿಸಿದವರು ವೆಂಕಣ್ಣಯ್ಯನವರು. ವಿದ್ಯಾರ್ಥಿಯ ಮುಂದಿನ ಬದುಕಿನ ವಿಷಯದಲ್ಲಿ ಅಧ್ಯಾಪಕನೊಬ್ಬ ಹೀಗೆ ಮಾತನಾಡುವುದು ಸಣ್ಣ ಸಂಗತಿಯೇನಲ್ಲ. ಲೆಕ್ಕ ತಪ್ಪಿದ್ದರೆ ಕೆಲಸ ಸಿಗದ ಪದವಿಯೊಂದಿಗೆ ಬೀದಿಗೆ ಬೀಳುವವನು ಶಿಷ್ಯನೇ ಹೊರತು ಗುರುವಲ್ಲ. ಪುಟ್ಟಪ್ಪನವರು 1929ರಲ್ಲಿ ಪದವಿ ಪಡೆದು ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು. 1956ರಲ್ಲಿ ಆ ವಿಶ್ವವಿದ್ಯಾನಿಲಯದ ಕುಲಪತಿಯೇ ಆದರು. ಮುಂದೆ ‘ವಡ್ಡಾರಾಧನೆ’ಯನ್ನು ಸಂಪಾದಿಸಿದ ಡಿ.ಎಲ್. ನರಸಿಂಹಾಚಾರ್ಯರೂ ಆ ಮೊದಲ ವರ್ಷಗಳ ವಿದ್ಯಾರ್ಥಿಗಳೇ.

ಅಂದಿನ ಮೈಸೂರಿಗೆ ಓದಲು ಬರುತ್ತಿದ್ದ ಹಳ್ಳಿಯ ಹುಡುಗರ ಪಾಡನ್ನೂ ನೆನೆಯಬೇಕು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹಳ್ಳಿಮೈಸೂರುಗಳ ಕಡೆಯವರಿಗೂ, ಮಲೆನಾಡು ಬಯಲುಸೀಮೆಗಳವರಿಗೂ ಕಲಾ ವಿಷಯಗಳ ಉನ್ನತ ವ್ಯಾಸಂಗವೆಂದರೆ ಮಹಾರಾಜಾ ಕಾಲೇಜೇ. ಪ್ರವೇಶ ದೊರೆತರೂ ಊಟ ವಸತಿಗಳ ಚಿಂತೆ ತಪ್ಪುತ್ತಿರಲಿಲ್ಲ. ವಾರಾನ್ನದ ಮನೆಗಳನ್ನು ಹುಡುಕಿಕೊಂಡು ಓದು ಮುಗಿಸಿದವರು ಎಷ್ಟೋ ಮಂದಿ. ಆ ವಾರಾನ್ನವೂ ಎಲ್ಲ ಜಾತಿಯವರಿಗೆ ಸಿಗುವಂಥದ್ದಾಗಿರಲಿಲ್ಲ. ಇಂಥ ಕಾಲದಲ್ಲಿ ವೆಂಕಣ್ಣಯ್ಯನವರ ಮನೆ ಬಡ ವಿದ್ಯಾರ್ಥಿಗಳಿಗೆ ಆಸರೆಯಾಗಿತ್ತು. ಇದು ಉದ್ಯೋಗದ ಭಾಗವೆಂದು ಯಾರೂ ಅವರಿಗೆ ವಿಧಿಸಿರಲಿಲ್ಲ.

ಎ.ಆರ್. ಕೃಷ್ಣಶಾಸ್ತ್ರಿಗಳೊಂದಿಗೆ ಅವರಿಗಿದ್ದ ಸ್ನೇಹ ಕನ್ನಡ ಲೋಕದಲ್ಲಿ ಮನೆಮಾತಾದದ್ದು. ಇಬ್ಬರನ್ನೂ ಕನ್ನಡದ ಅಶ್ವಿನೀ ದೇವತೆಗಳೆಂದು ಕರೆಯುವ ವಾಡಿಕೆಯಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕರ್ಣಾಟಕ ಸಂಘವನ್ನೂ ‘ಪ್ರಬುದ್ಧ ಕರ್ಣಾಟಕ’ವನ್ನೂ ಕಟ್ಟಿದ ಶಾಸ್ತ್ರಿಗಳ ಜೊತೆ ಸೇರಿ ವೆಂಕಣ್ಣಯ್ಯನವರು ರಾಘವಾಂಕನ ಹರಿಶ್ಚಂದ್ರ ಕಾವ್ಯದ ಸಂಗ್ರಹವನ್ನು ಸಿದ್ಧಪಡಿಸಿದರು, ಶ್ರೀರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಬರೆದರು. ಸಾಮಾನ್ಯ ಓದುಗರೂ ವಿದ್ಯಾರ್ಥಿಗಳೂ ಹಳಗನ್ನಡ, ನಡುಗನ್ನಡ ಕಾವ್ಯಗಳಿಗೆ ಹೆದರದಂತೆ ಮಾಡುವುದೇ ಅಂಥ ಸಂಗ್ರಹಗಳ ಉದ್ದೇಶ. ಹರಿಹರನ ‘ಬಸವರಾಜದೇವರ ರಗಳೆ’ಯನ್ನು ಅವರು ಸಂಪಾದಿಸಿದ್ದು ಇನ್ನೊಂದು ಕಾರಣಕ್ಕೂ ಗಮನಾರ್ಹ. ಸಾಹಿತ್ಯವನ್ನು ಕವಿಯ ಮತ ನೋಡಿ ವಿಂಗಡಿಸುವ ಅಭ್ಯಾಸ ವಿದ್ವಾಂಸರಲ್ಲೂ ಇದ್ದ ದಿನಗಳಲ್ಲಿ ಬ್ರಾಹ್ಮಣ ಮನೆತನದ ಈ ಪ್ರಾಧ್ಯಾಪಕರು ಶರಣ ಚರಿತ್ರೆಗೆ ಪಾಂಡಿತ್ಯದ ಶ್ರದ್ಧೆಯನ್ನೆಲ್ಲ ಧಾರೆಯೆರೆದರು.

ಅವರ ಸ್ವಂತ ಬರವಣಿಗೆ ಮಾತ್ರ ಕಡಿಮೆ. ಅವರಷ್ಟು ಓದಿದವರು ಇನ್ನೂ ಬರೆಯಬೇಕಿತ್ತು ಎಂಬುದು ನ್ಯಾಯವಾದ ಆಕ್ಷೇಪವೇ. ಪ್ರಕಟಣೆಗಳನ್ನು ಎಣಿಸಿ ಅಂಕ ಕೊಡುವ ಪದ್ಧತಿಯಲ್ಲಿ ಅವರು ಬಡ್ತಿಗೆ ತಿಣುಕಬೇಕಾಗುತ್ತಿತ್ತೇನೋ! ಸಮಯವೆಲ್ಲ ಪಾಠಕ್ಕೆ, ಶಿಷ್ಯರ ಬರಹಗಳನ್ನು ಕೇಳಿ ತಿದ್ದುವುದಕ್ಕೆ, ಬಂದವರ ಕಷ್ಟ ವಿಚಾರಿಸುವುದಕ್ಕೆ ಸಂದುಹೋಯಿತು.

1939ರ ಫೆಬ್ರವರಿ 24ರಂದು, ಐವತ್ತಮೂರನೆಯ ವಯಸ್ಸಿನಲ್ಲಿ, ವೆಂಕಣ್ಣಯ್ಯನವರು ತೀರಿಕೊಂಡರು. ಪುಟ್ಟಪ್ಪನವರು 1936ರಲ್ಲಿ ಆರಂಭಿಸಿದ್ದ ‘ಶ್ರೀರಾಮಾಯಣ ದರ್ಶನಂ’ ಆಗಿನ್ನೂ ಅರ್ಧದಲ್ಲಿತ್ತು. ಅದು ಮುಗಿಯುವ ಹೊತ್ತಿಗೆ 1946 ಬಂದಿತ್ತು. ಮುಂದೆ ಕನ್ನಡಕ್ಕೆ ಮೊದಲ ಜ್ಞಾನಪೀಠ ಪ್ರಶಸ್ತಿಯನ್ನು ತಂದ ಆ ಮಹಾಕಾವ್ಯವನ್ನು ಕವಿ ಅರ್ಪಿಸಿದ್ದು ಅಗಲಿದ ಗುರುವಿಗೆ. ಶಿಷ್ಯ ಪುಟ್ಟಪ್ಪ ಕೃತಿಯನ್ನು ಹೊತ್ತು ಗುರುವಿನ ಎದುರು ಬಂದು ನಿಂತು ಒಪ್ಪಿಸುತ್ತಿರುವ ರೀತಿಯಲ್ಲಿ ಆ ಅರ್ಪಣೆಯ ಪದ್ಯವಿದೆ.